ಜೈಲಿನಿಂದ ಬಂದವರ ಮನಸ್ಸಿಗೂ ಮದ್ದಿದೆ – ನ್ಯೂಜಿಲೆಂಡಿನಲ್ಲಿ ಉಚಿತ ಆಪ್ತಸಮಾಲೋಚನೆ ಪಡೆಯುವುದು ಹೇಗೆ?



ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಮಕ್ಕಳ ಕನ್ನಡ ಶಾಲೆ... ನಮ್ಮ ಸುದ್ದಿ ವಿಭಾಗದಲ್ಲಿ ಸಾಮಾನ್ಯವಾಗಿ ಓದುವುದು ಇಂಥ ಸಂಗತಿಗಳನ್ನೇ. ಈ ಬಾರಿಯ ವಿಷಯ ಸ್ವಲ್ಪ ಬೇರೆ. ಕೂಟದ ಊಟದ ಪಂಕ್ತಿಯಲ್ಲಿ ಯಾರೂ ಜೋರಾಗಿ ಮಾತಾಡದ ವಿಷಯ. ಜೈಲು ಶಿಕ್ಷೆ ಮುಗಿಸಿ ಹೊರಬಂದವರ ಮನಸ್ಸಿನ ಆರೋಗ್ಯ ಮತ್ತು ಅದಕ್ಕೆ ಈ ದೇಶದಲ್ಲಿ ಕಾಸಿಲ್ಲದೆ ಸಿಗುವ ಸಹಾಯ.

"ನಮ್ಮವರಲ್ಲಿ ಅಂಥವರು ಯಾರಿದ್ದಾರೆ?" ಎಂದು ನೀವು ಕೇಳಬಹುದು. ಕುಡಿದು ಕಾರು ಓಡಿಸಿ ಇನ್ನೊಬ್ಬರ ಪ್ರಾಣಕ್ಕೆ ಎರವಾಗುವುದು, ಮನೆಯೊಳಗಿನ ಹೊಡೆತ-ಬಡಿತ, ಅಂಗಡಿಯ ಲೆಕ್ಕದಲ್ಲಿ ಮೋಸ, ಸಾಲ ತೀರಿಸಲು ಹಿಡಿದ ಅಡ್ಡದಾರಿ - ಇವು ಯಾವ ಭಾಷೆಯವರನ್ನೂ ಬಿಟ್ಟಿಲ್ಲ. ಹೀಗೊಂದು ಘಟನೆ ನಡೆದಾಗ ನಮ್ಮ ಕುಟುಂಬಗಳು ಮೊದಲು ಮಾಡುವ ಕೆಲಸ ಬಾಗಿಲು ಹಾಕಿಕೊಳ್ಳುವುದು. ಊರಿನ ತಂದೆ ತಾಯಿಗೆ "ಅವನು ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾನೆ" ಎನ್ನುತ್ತಾರೆ. ಕೂಟಕ್ಕೆ ಬರುವುದು ನಿಲ್ಲುತ್ತದೆ. ಮಕ್ಕಳಿಗೆ "ಶಾಲೆಯಲ್ಲಿ ಯಾರಿಗೂ ಹೇಳಬೇಡ" ಎಂಬ ಆಜ್ಞೆಯಾಗುತ್ತದೆ. ಹೀಗೆ ಒಬ್ಬರ ಶಿಕ್ಷೆಯನ್ನು ಮನೆಮಂದಿಯೆಲ್ಲಾ ಅನುಭವಿಸುತ್ತಾರೆ. ಶಿಕ್ಷೆ ಮುಗಿದ ದಿನ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡರೆ ಅದೂ ತಪ್ಪು. ನಿಜವಾದ ಕಷ್ಟ ಎಷ್ಟೋ ಜನರಿಗೆ ಶುರುವಾಗುವುದೇ ಅಂದಿನಿಂದ.

ಅಂಕಿ ಅಂಶ ಏನು ಹೇಳುತ್ತದೆ?

ನ್ಯೂಜಿಲೆಂಡಿನ ಕರೆಕ್ಷನ್ಸ್ ಇಲಾಖೆ 2016ರಲ್ಲಿ ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿತು. ದೇಶದ ಜೈಲುಗಳಲ್ಲಿದ್ದ 1,200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮಾಡಿದ ಅಧ್ಯಯನ ಅದು. ಅವರಲ್ಲಿ ಶೇಕಡಾ 91 ಮಂದಿಗೆ ಜೀವನದ ಯಾವುದಾದರೂ ಘಟ್ಟದಲ್ಲಿ ಮಾನಸಿಕ ಕಾಯಿಲೆ ಅಥವಾ ಮದ್ಯ-ಮಾದಕ ವಸ್ತುಗಳ ಚಟ ಇದ್ದದ್ದು ಕಂಡುಬಂತು. ಹಿಂದಿನ 12 ತಿಂಗಳಲ್ಲೇ ಇಂಥ ತೊಂದರೆ ಇದ್ದವರು ಶೇಕಡಾ 62.

ನಮ್ಮೂರಿನ ಚಿತ್ರವೂ ಬೇರೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಡಾ. ಸುರೇಶ್ ಬಡಾ ಮಠ್, ಡಾ. ಪ್ರತಿಮಾ ಮೂರ್ತಿ ಮೊದಲಾದವರು ನಡೆಸಿದ ಈ ಅಧ್ಯಯನದಲ್ಲಿ ಶೇಕಡಾ 79.6 ಮಂದಿಗೆ ಮಾನಸಿಕ ಕಾಯಿಲೆ ಇಲ್ಲವೇ ಮಾದಕ ವ್ಯಸನ ಇತ್ತು. ಬರೀ ಚಟದವರನ್ನು ಬಿಟ್ಟು ಲೆಕ್ಕ ಹಾಕಿದರೂ ಶೇಕಡಾ 27.6. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು!

ಹೊರಬಂದ ಮೊದಲ ದಿನಗಳು ಎಷ್ಟು ಅಪಾಯಕಾರಿ ಎಂಬುದಕ್ಕೆ ಅಮೆರಿಕದ ಒಂದು ಅಧ್ಯಯನವನ್ನು ನೋಡಬೇಕು. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದ 30,237 ಜನರ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿ ಅದು. ಬಿಡುಗಡೆಯ ನಂತರದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಸಂಭವ ಅದೇ ರಾಜ್ಯದ ಇತರ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಮುಖ್ಯ ಕಾರಣ ಮಾದಕ ವಸ್ತುಗಳ ಅತಿಸೇವನೆ. ಒಳಗಿದ್ದಾಗ ಬಿಟ್ಟಿದ್ದನ್ನು ಹೊರಬಂದ ಮೇಲೆ ಹಳೆಯ ಪ್ರಮಾಣದಲ್ಲೇ ಸೇವಿಸಿದರೆ ದೇಹ ತಡೆದುಕೊಳ್ಳುವುದಿಲ್ಲ. ಆತ್ಮಹತ್ಯೆಯೂ ಆ ಪಟ್ಟಿಯಲ್ಲಿತ್ತು. ಆದ್ದರಿಂದ ಮನೆಯವರಿಗೆ ಮೊದಲ ಮಾತು ಇದು: "ಬಂದನಲ್ಲ, ಇನ್ನು ನೆಮ್ಮದಿ" ಎಂದು ಕೈಚೆಲ್ಲಬೇಡಿ. ಮೊದಲ ಎರಡು ವಾರ ಕಣ್ಣಿಟ್ಟು ನೋಡಿಕೊಳ್ಳಿ.

ಜೈಲು ಮನಸ್ಸಿಗೆ ಮಾಡುವುದೇನು?

ಒಳಗೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಬಾಗಿಲು ಯಾವಾಗ ತೆರೆಯಬೇಕು - ಯಾವುದೂ ತನ್ನ ಕೈಯಲ್ಲಿಲ್ಲ. ಅಳು ಬಂದರೆ ತೋರಿಸುವಂತಿಲ್ಲ, ಬೆನ್ನು ತಿರುಗಿಸಿ ಕೂರುವಂತಿಲ್ಲ. ಬದುಕಿ ಉಳಿಯಲು ಅಲ್ಲಿ ಕಲಿತ ಈ ಅಭ್ಯಾಸಗಳೇ ಹೊರಗೆ ಬಂದಾಗ ತೊಡಕಾಗುತ್ತವೆ. ಸೂಪರ್ ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಯಾರಾದರೂ ಹಿಂದಿನಿಂದ ಬಂದರೆ ಮೈ ಬೆಚ್ಚುತ್ತದೆ. ನಿದ್ದೆ ಬರುವುದಿಲ್ಲ. ಹೆಂಡತಿ ಮಕ್ಕಳೊಡನೆ ಮಾತು ಹೊರಡುವುದಿಲ್ಲ. ಸಣ್ಣ ನಿರ್ಧಾರಕ್ಕೂ ತಲೆ ಕೆಡುತ್ತದೆ. ಮನೆಯವರು ಇದನ್ನು ಸೊಕ್ಕು ಎಂದೋ ಸೋಮಾರಿತನ ಎಂದೋ ಭಾವಿಸುವುದುಂಟು. ಆದರೆ ಇವು ಆತಂಕ, ಖಿನ್ನತೆ, ಆಘಾತಗಳ ಲಕ್ಷಣಗಳಾಗಿರಬಹುದು.

ಇದರ ಮೇಲೆ ಮೂರು ಹೊರೆ. ಮೊದಲನೆಯದು ಮನೆ - ಬಾಡಿಗೆ ಮನೆ ಸಿಗುವುದು ಎಲ್ಲರಿಗೂ ಕಷ್ಟವಿರುವ ಊರುಗಳಲ್ಲಿ ಇವರಿಗೆ ಇನ್ನೂ ಕಷ್ಟ. ಎರಡನೆಯದು ಕೆಲಸ. ಇಲ್ಲಿ 2004ರ ಕ್ಲೀನ್ ಸ್ಲೇಟ್ ಕಾಯ್ದೆಯ ಪ್ರಕಾರ ಏಳು ವರ್ಷ ಹೊಸ ಅಪರಾಧವಿಲ್ಲದೆ ಬಾಳಿದವರು ಹಳೆಯ ಶಿಕ್ಷೆಯನ್ನು ಹೇಳಿಕೊಳ್ಳಬೇಕಾಗಿಲ್ಲ. ಆದರೆ ಒಮ್ಮೆಯಾದರೂ ಜೈಲು ಶಿಕ್ಷೆ ಆದವರಿಗೆ ಈ ಸೌಲಭ್ಯ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಆ ಪ್ರಶ್ನೆ ಬಂದರೆ ಪ್ರತಿ ಬಾರಿಯೂ ಉತ್ತರಿಸಬೇಕು. ಮೂರನೆಯದು, ನಮ್ಮಂಥ ವಲಸಿಗರಿಗೆ ಎಲ್ಲಕ್ಕಿಂತ ದೊಡ್ಡದು - ವೀಸಾ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಚಿಕಿತ್ಸೆ ಎಂದರೆ ಏನು ಮಾಡುತ್ತಾರೆ?

"ಬರೀ ಮಾತಾಡಿದರೆ ಏನು ಬಂತು?" ಎಂಬುದು ನಮ್ಮವರ ಸಾಮಾನ್ಯ ಪ್ರಶ್ನೆ. ಆಪ್ತಸಮಾಲೋಚಕರು ಬುದ್ಧಿ ಹೇಳುವವರಲ್ಲ. ಬುದ್ಧಿ ಹೇಳಲು ನಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರು ಬೇಕಾದಷ್ಟಿದ್ದಾರೆ! ಇಲ್ಲಿ ನಡೆಯುವುದು ಬೇರೆ ರೀತಿಯ ಕೆಲಸ. ಒಂದು ಘಟನೆ, ಆಗ ಬಂದ ಯೋಚನೆ, ಆ ಯೋಚನೆಯಿಂದ ಎದ್ದ ಸಿಟ್ಟು ಅಥವಾ ಭಯ, ಅದರಿಂದಾದ ನಡತೆ - ಈ ಸರಪಳಿಯನ್ನು ಬಿಡಿಸಿ ನೋಡುತ್ತಾರೆ. ಯಾವ ಕೊಂಡಿಯನ್ನು ಕಳಚಬಹುದು ಎಂದು ಇಬ್ಬರೂ ಸೇರಿ ಹುಡುಕುತ್ತಾರೆ. ಒಂದು ವಾರ ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿ ಮತ್ತೆ ಬಂದು ಮಾತಾಡುತ್ತಾರೆ. ಯೋಚನೆ ಮತ್ತು ನಡತೆಯನ್ನು ಒಟ್ಟಿಗೆ ತಿದ್ದುವ ಈ ವಿಧಾನ ಹಲವು ದಶಕಗಳಿಂದ ಬಳಕೆಯಲ್ಲಿದೆ.

ನ್ಯೂಜಿಲೆಂಡಿನ ಎರಡು ಚಿಂತನೆಗಳನ್ನು ಇಲ್ಲಿ ನೆನೆಯಬೇಕು. ಒಂದು, ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಟೋನಿ ವಾರ್ಡ್ ಅವರು ರೂಪಿಸಿದ ಗುಡ್ ಲೈವ್ಸ್ ಮಾದರಿ. ತಪ್ಪು ಮಾಡಿದವನಿಗೂ ಬೇಕಿರುವುದು ನಮ್ಮೆಲ್ಲರಿಗೂ ಬೇಕಿರುವುದೇ - ಪ್ರೀತಿ, ಗೌರವ, ಕೈತುಂಬ ಕೆಲಸ, ನೆಮ್ಮದಿ. ಅವನು ಹಿಡಿದ ದಾರಿ ಕೆಟ್ಟದ್ದು. "ಅದು ಮಾಡಬೇಡ, ಇದು ಮಾಡಬೇಡ" ಎನ್ನುವುದಷ್ಟೇ ಸಾಲದು, ಅದೇ ಗುರಿಗೆ ಒಳ್ಳೆಯ ದಾರಿಯನ್ನೂ ತೋರಿಸಬೇಕು ಎಂಬುದು ಇದರ ಸಾರ. ಇನ್ನೊಂದು, ಮಾವೋರಿ ವೈದ್ಯರಾದ ಸರ್ ಮೇಸನ್ ಡ್ಯೂರಿ 1980ರ ದಶಕದಲ್ಲಿ ಕೊಟ್ಟ ತೆ ಫಾರೆ ತಪಾ ಫಾ. ಆರೋಗ್ಯ ಎಂದರೆ ನಾಲ್ಕು ಗೋಡೆಯ ಮನೆ: ದೇಹ, ಮನಸ್ಸು, ಆತ್ಮ ಮತ್ತು ಕುಟುಂಬ. ಒಂದು ಗೋಡೆ ಕುಸಿದರೂ ಮನೆ ನಿಲ್ಲದು. ಮನೆತನ, ದೈವ ಎಂದೆಲ್ಲಾ ನಂಬುವ ನಮಗೆ ಇದು ಅರ್ಥವಾಗಲು ಕಷ್ಟವಿಲ್ಲ, ಅಲ್ಲವೇ?

ಉಚಿತ ಸಹಾಯದ ಬಾಗಿಲುಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಇಲ್ಲಿ ಖಾಸಗಿ ಮನೋವಿಜ್ಞಾನಿಗಳ ಶುಲ್ಕ ಆಗಷ್ಟೇ ಹೊರಬಂದವರ ಕೈಗೆಟುಕುವಂಥದ್ದಲ್ಲ. ಆದರೆ ಕಾಸು ಕೊಡದೆ ಹೋಗಬಹುದಾದ ಬಾಗಿಲುಗಳು ಕೆಲವಿವೆ.

ಮೊದಲ ಬಾಗಿಲು ಫೋನು. 1737 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಪೂರ್ತಿ ಉಚಿತ. 2017ರಲ್ಲಿ ಆರಂಭವಾದ ಸೇವೆ ಇದು. ಏಷ್ಯನ್ ಫ್ಯಾಮಿಲಿ ಸರ್ವೀಸಸ್ ಸಂಸ್ಥೆಯ ಸಹಾಯವಾಣಿಯಲ್ಲಿ ಇಂಗ್ಲಿಷ್ ಅಲ್ಲದೆ ಹಿಂದಿಯಲ್ಲೂ ಮಾತಾಡುವವರು ಸಿಗುತ್ತಾರೆ.

ಎರಡನೆಯದು ನಿಮ್ಮ ಜಿ.ಪಿ. ಕ್ಲಿನಿಕ್. 2018ರ ಹೆ ಆರಾ ಒರಾಂಗಾ ವರದಿಯ ನಂತರ, 2019ರ ಬಜೆಟ್ಟಿನಲ್ಲಿ ಸರ್ಕಾರ ಮಾನಸಿಕ ಆರೋಗ್ಯಕ್ಕೆ ದೊಡ್ಡ ಮೊತ್ತ ತೆಗೆದಿಟ್ಟಿತು. ಅದರ ಫಲವಾಗಿ ಅನೇಕ ಕ್ಲಿನಿಕ್ಕುಗಳಲ್ಲಿ ಹೆಲ್ತ್ ಇಂಪ್ರೂವ್‌ಮೆಂಟ್ ಪ್ರಾಕ್ಟಿಷನರ್ ಮತ್ತು ಹೆಲ್ತ್ ಕೋಚ್ ಎಂಬವರು ಕೂತಿರುತ್ತಾರೆ. ಅಲ್ಲಿ ನೋಂದಾಯಿಸಿಕೊಂಡವರು ಇವರನ್ನು ಕಾಣಲು ಶುಲ್ಕವಿಲ್ಲ. ಹಾಗಾಗಿ ಬಿಡುಗಡೆಯಾದ ಕೂಡಲೇ ಮಾಡಬೇಕಾದ ಕೆಲಸ ಒಂದು ಕ್ಲಿನಿಕ್ಕಿನಲ್ಲಿ ಹೆಸರು ಬರೆಸುವುದು. ಜೈಲಿನ ಆರೋಗ್ಯ ಕೇಂದ್ರದಿಂದ ಚಿಕಿತ್ಸೆಯ ಸಾರಾಂಶವನ್ನೂ, ಮಾತ್ರೆಗಳಿದ್ದರೆ ಅವನ್ನೂ ಅಥವಾ ಚೀಟಿಯನ್ನೂ ಬಿಡುಗಡೆಗೆ ಮುಂಚೆಯೇ ಕೇಳಿ ಪಡೆಯಿರಿ. ಮಾತ್ರೆ ಥಟ್ಟನೆ ನಿಂತರೆ ಕಾಯಿಲೆ ಮರುಕಳಿಸಬಹುದು.

ಮೂರನೆಯದು ಪ್ರೊಬೇಷನ್ ಅಧಿಕಾರಿ. ಇಲ್ಲಿ ಎರಡು ವರ್ಷ ಅಥವಾ ಅದಕ್ಕೂ ಕಡಿಮೆ ಶಿಕ್ಷೆಯಾದವರು ಅರ್ಧ ಅವಧಿ ಕಳೆದ ಮೇಲೆ ಹೊರಬರುತ್ತಾರೆ. ಅದಕ್ಕಿಂತ ದೀರ್ಘ ಶಿಕ್ಷೆಯವರ ಪರೋಲನ್ನು ಪರೋಲ್ ಬೋರ್ಡ್ ತೀರ್ಮಾನಿಸುತ್ತದೆ. ಹೊರಬಂದ ಮೇಲೆ ಹಲವರು ಪ್ರೊಬೇಷನ್ ಅಧಿಕಾರಿಯನ್ನು ಕಾಣುತ್ತಿರಬೇಕು. ಆತ ಪೊಲೀಸ್ ಇದ್ದಂತೆ ಎಂದು ಹೆದರಿ ತಲೆಯಾಡಿಸಿ ಬರುವವರೇ ಹೆಚ್ಚು. ಆದರೆ ಇಲಾಖೆಯ ಮನೋವಿಜ್ಞಾನಿಗಳ ಬಳಿಗೆ, ಚಟ ಬಿಡಿಸುವ ಕಾರ್ಯಕ್ರಮಗಳಿಗೆ ಕಳಿಸಿಕೊಡುವವರು ಅವರೇ. "ನನಗೆ ನಿದ್ದೆ ಬರುತ್ತಿಲ್ಲ, ಯಾರನ್ನಾದರೂ ಕಾಣಬೇಕು" ಎಂದು ಬಾಯಿ ಬಿಟ್ಟು ಕೇಳಬೇಕು.

ನಾಲ್ಕನೆಯದು ಎ.ಸಿ.ಸಿ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ - ಅದು ಬಾಲ್ಯದಲ್ಲಿ ಆಗಿದ್ದರೂ, ಎಷ್ಟೇ ವರ್ಷ ಕಳೆದಿದ್ದರೂ - ಎ.ಸಿ.ಸಿ. ಚಿಕಿತ್ಸೆಯ ಪೂರ್ಣ ವೆಚ್ಚ ಭರಿಸುತ್ತದೆ. ಪೊಲೀಸರಿಗೆ ದೂರು ಕೊಟ್ಟಿರಬೇಕೆಂದಿಲ್ಲ. ಅಪರಾಧಿ ಎಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ. ಜೈಲಿಗೆ ಹೋದವರಲ್ಲಿ ಅನೇಕರು ಒಂದು ಕಾಲಕ್ಕೆ ತಾವೇ ಇನ್ನೊಬ್ಬರ ಕೈಯಲ್ಲಿ ನಲುಗಿದವರು ಎಂಬುದನ್ನು ಮರೆಯುವಂತಿಲ್ಲ. ಒಂದು ಮಿತಿ ಇದೆ: ಘಟನೆ ನ್ಯೂಜಿಲೆಂಡಿನಲ್ಲಿ ನಡೆದಿರಬೇಕು, ಅಥವಾ ಆಗ ಅವರು ಇಲ್ಲಿನ ಖಾಯಂ ವಾಸಿಯಾಗಿರಬೇಕು. ಊರಿನಲ್ಲಿ ಚಿಕ್ಕಂದಿನಲ್ಲಿ ಆದದ್ದಕ್ಕೆ ಉಳಿದ ಬಾಗಿಲುಗಳನ್ನೇ ತಟ್ಟಬೇಕು.

ಐದನೆಯದು ಸ್ವಯಂಸೇವಾ ಸಂಸ್ಥೆಗಳು. ಬಂದಿಗಳಿಗೆ ನೆರವಾಗುವ ಸಂಘಗಳ ಇತಿಹಾಸ ಈ ದೇಶದಲ್ಲಿ 1877ರಷ್ಟು ಹಿಂದಕ್ಕೆ, ಡನೀಡಿನ್ ಊರಿಗೆ ಹೋಗುತ್ತದೆ. ಆಕ್ಲೆಂಡಿನ ಪಾರ್ಸ್ ಸಂಸ್ಥೆ ಬಿಡುಗಡೆಯಾದವರಿಗೆ ವಸತಿ, ಸಮಾಜ ಕಾರ್ಯಕರ್ತರ ಬೆಂಬಲ, ಕಾಗದ ಪತ್ರಗಳ ಸಹಾಯ ನೀಡುತ್ತಾ ಬಂದಿದೆ. 2014ರ ಕೊನೆಯಲ್ಲಿ ಆಸ್ಟ್ರೇಲಿಯಾ ತನ್ನ ವಲಸೆ ಕಾಯ್ದೆಯ 501ನೇ ಕಲಮನ್ನು ಬಿಗಿಗೊಳಿಸಿದ ಮೇಲೆ ಅಲ್ಲಿಂದ ಗಡೀಪಾರಾಗಿ ಬಂದ ನ್ಯೂಜಿಲೆಂಡ್ ಪ್ರಜೆಗಳಿಗೂ ಇದು ಆಸರೆಯಾಗಿದೆ. ಡನೀಡಿನ್ನಿನ ಮೋವಾನಾ ಹೌಸ್ 1987ರಿಂದ ವಾಸ್ತವ್ಯದೊಡನೆ ಚಿಕಿತ್ಸೆ ನೀಡುತ್ತಿದೆ. ಕುಡಿತ, ಮಾದಕ ಚಟಗಳಿಗೆ ಆಕ್ಲೆಂಡಿನ ಕ್ಯಾಡ್ಸ್ ಸೇವೆ ಉಚಿತ.

ಇವಲ್ಲದೆ, ಸಮಾಲೋಚನೆಗೆ ಹಣ ಕೊಡಲೇಬೇಕಾಗಿ ಬಂದರೆ ವರ್ಕ್ ಅಂಡ್ ಇನ್‌ಕಮ್ ಕಚೇರಿಯ ಡಿಸಬಿಲಿಟಿ ಅಲೊವೆನ್ಸ್ ಕೇಳಬಹುದು. ಅರ್ಹರಿಗೆ, ವೈದ್ಯರ ಪ್ರಮಾಣಪತ್ರ ಇದ್ದರೆ, ಸಮಾಲೋಚನೆಯ ಖರ್ಚಿಗೂ ಸಹಾಯ ಸಿಗುತ್ತದೆ. ತಿಂಗಳಿಗೂ ಹೆಚ್ಚು ಒಳಗಿದ್ದು ಬಂದವರಿಗೆ ಸ್ಟೆಪ್ಸ್ ಟು ಫ್ರೀಡಂ ಎಂಬ ಆರಂಭಿಕ ನೆರವು ಇದೆ.

ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ?

ನಮ್ಮವರಿಗೆ ಇರುವ ದೊಡ್ಡ ಹೆದರಿಕೆ ಇದು. ಊರು ಚಿಕ್ಕದು, ಸಮುದಾಯ ಇನ್ನೂ ಚಿಕ್ಕದು. ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಯಬೇಕು. ಕರೆಕ್ಷನ್ಸ್ ಇಲಾಖೆಯ ಮನೋವಿಜ್ಞಾನಿ ಪರೋಲ್ ಬೋರ್ಡಿಗೆ, ಪ್ರೊಬೇಷನ್ನಿಗೆ ವರದಿ ಬರೆಯುತ್ತಾರೆ. ಅವರಿಗೆ ಹೇಳಿದ್ದು ಆ ವರದಿಯಲ್ಲಿ ಸೇರಬಹುದು. ಸ್ವತಂತ್ರ ಸಮಾಲೋಚಕರು, ಜಿ.ಪಿ. ಕ್ಲಿನಿಕ್ಕಿನವರು ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವುದಿಲ್ಲ. ಯಾರದಾದರೂ ಪ್ರಾಣಕ್ಕೆ, ಸುರಕ್ಷತೆಗೆ ಗಂಭೀರ ಅಪಾಯ ಇದ್ದಾಗ ಮಾತ್ರ ವಿನಾಯಿತಿ. ಮೊದಲ ಭೇಟಿಯಲ್ಲೇ "ನಾನು ಹೇಳಿದ್ದು ಯಾರ ಕೈ ಸೇರುತ್ತದೆ?" ಎಂದು ನೇರವಾಗಿ ಕೇಳಿ. ಕೇಳುವುದು ತಪ್ಪಲ್ಲ, ನಿಮ್ಮ ಹಕ್ಕು.

ಭಾಷೆಯೂ ಹಕ್ಕೇ. 1996ರಿಂದ ಜಾರಿಯಲ್ಲಿರುವ ಆರೋಗ್ಯ ಸೇವಾ ಬಳಕೆದಾರರ ಹಕ್ಕುಗಳ ಸಂಹಿತೆಯ ಐದನೇ ಹಕ್ಕಿನ ಪ್ರಕಾರ, ಅಗತ್ಯವಿದ್ದು ಸಾಧ್ಯವಿರುವ ಕಡೆ ಅರ್ಹ ದುಭಾಷಿಯನ್ನು ಒದಗಿಸಬೇಕು. ಆಫೀಸಿನಲ್ಲಿ ಇಂಗ್ಲಿಷ್ ಸಲೀಸಾಗಿ ಆಡುವವರಿಗೂ ನೋವು ಹೇಳುವಾಗ ಮಾತೃಭಾಷೆಯೇ ಬೇಕಾಗುತ್ತದೆ. "ಸಂಕಟ", "ಹೊಟ್ಟೆ ಉರಿ", "ಮನಸ್ಸು ಮುರಿದಿದೆ" ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ? ಪರಿಚಯದ ಕನ್ನಡಿಗರು ದುಭಾಷಿಯಾಗಿ ಬರುತ್ತಾರೆಂಬ ಸಂಕೋಚವಿದ್ದರೆ ಬೇರೆ ಊರಿನವರನ್ನು ಫೋನಿನ ಮೂಲಕ ಕೇಳಬಹುದು. ಮನೆಯ ಮಕ್ಕಳನ್ನು ಮಾತ್ರ ದುಭಾಷಿ ಮಾಡಬೇಡಿ.

ವೀಸಾ ಎಂಬ ತೂಗುಕತ್ತಿ

ರೆಸಿಡೆಂಟ್ ವೀಸಾದಲ್ಲಿ ಇರುವವರು ಅಪರಾಧಿ ಎಂದು ತೀರ್ಪಾದರೆ, ಅಪರಾಧದ ಗಂಭೀರತೆ ಮತ್ತು ಎಷ್ಟು ವರ್ಷದಿಂದ ಇಲ್ಲಿದ್ದಾರೆ ಎಂಬುದರ ಮೇಲೆ ಗಡೀಪಾರಿನ ನೋಟೀಸು ಬರಬಹುದು. ನೋಟೀಸು ಕೈಸೇರಿದ ಮೇಲೆ ಟ್ರಿಬ್ಯೂನಲ್ಲಿಗೆ ಮಾನವೀಯ ನೆಲೆಯ ಮೇಲ್ಮನವಿ ಸಲ್ಲಿಸಲು ಇರುವ ಕಾಲ ಬರೀ 28 ದಿನ. ಖಿನ್ನತೆಯಲ್ಲಿ ಮುಳುಗಿದವರು ಅಂಚೆಯನ್ನೇ ತೆರೆಯುವುದಿಲ್ಲ, ಗಡುವು ಮೀರಿಹೋಗುತ್ತದೆ! ಆದ್ದರಿಂದ ಮನೆಯವರಲ್ಲಿ ಒಬ್ಬರು ಪತ್ರಗಳ ಮೇಲೆ ನಿಗಾ ಇಡಬೇಕು. ಕಮ್ಯೂನಿಟಿ ಲಾ ಕೇಂದ್ರಗಳಲ್ಲಿ ಉಚಿತ ಕಾನೂನು ಸಲಹೆ ಸಿಗುತ್ತದೆ. ನೆನಪಿಡಿ, ಸರ್ಕಾರಿ ಆರೋಗ್ಯ ಸೇವೆ ಉಚಿತವಾಗಿ ಸಿಗುವುದು ಪ್ರಜೆಗಳಿಗೆ, ರೆಸಿಡೆಂಟುಗಳಿಗೆ, ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ವರ್ಕ್ ವೀಸಾದವರಿಗೆ. ಆದರೆ 1737ಕ್ಕೆ ಕರೆ ಮಾಡಿದರೆ ಯಾರೂ ವೀಸಾ ಕೇಳುವುದಿಲ್ಲ.

ಊರಿಗೆ ಮರಳಬೇಕಾದರೂ ದಾರಿ ಮುಚ್ಚಿಲ್ಲ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಕಾರ್ಯಕ್ರಮ ಭಾರತದಲ್ಲಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗದಿಂದ. 2022ರಿಂದ ಟೆಲಿ-ಮಾನಸ್ ಎಂಬ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಮಗನ ಚಿಂತೆಯಲ್ಲಿ ಕೊರಗುವ ಊರಿನ ತಂದೆ ತಾಯಿಗೂ ಈ ಸಂಖ್ಯೆ ಕೊಡಿ.

ಮನೆಯವರು, ಮಕ್ಕಳು, ಮತ್ತು ನಾವು

ಒಂದು ಮಾತನ್ನು ಒತ್ತಿ ಹೇಳಬೇಕು. ಶಿಕ್ಷೆ ಮನೆಯೊಳಗಿನ ಹಿಂಸೆಗಾಗಿ ಆಗಿದ್ದರೆ, "ಹೇಗಾದರೂ ಹೊಂದಿಕೊಂಡು ಹೋಗು" ಎಂದು ಆ ಹೆಣ್ಣುಮಗಳ ಮೇಲೆ ಯಾರೂ ಒತ್ತಡ ತರಬಾರದು. ಅವರಿಗೆ ಚಿಕಿತ್ಸೆ ಸಿಗಬೇಕು ಎಂಬುದು ಒಂದು, ಅವರನ್ನು ಮನೆಗೆ ಸೇರಿಸಲೇಬೇಕು ಎಂಬುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಒಳ್ಳೆಯದು, ಎರಡನೆಯದು ಆಕೆಯೊಬ್ಬಳೇ ತೀರ್ಮಾನಿಸುವ ವಿಷಯ. ರಕ್ಷಣಾ ಆದೇಶ ಇದ್ದರೆ ಅದನ್ನು ಮೀರಿ ರಾಜಿ ಪಂಚಾಯ್ತಿ ಮಾಡುವುದು ಅಪಾಯಕಾರಿ. 1995ರಿಂದ ಕೆಲಸ ಮಾಡುತ್ತಿರುವ ಶಕ್ತಿ ಸಂಸ್ಥೆ ನಮ್ಮಂಥ ವಲಸಿಗ ಮಹಿಳೆಯರಿಗೆಂದೇ ಇದೆ. ರಕ್ಷಣಾ ಆದೇಶ ಪಡೆದವರಿಗೂ ಅವರ ಮಕ್ಕಳಿಗೂ ಉಚಿತ ಸುರಕ್ಷಾ ಕಾರ್ಯಕ್ರಮಗಳಿವೆ.

ಅಪ್ಪ ಅಥವಾ ಅಮ್ಮ ಜೈಲಿನಲ್ಲಿರುವ ಮಕ್ಕಳಿಗೆ ಪಿಲ್ಲರ್ಸ್ ಎಂಬ ಸಂಸ್ಥೆ ಇದೆ. ಕ್ರೈಸ್ಟ್‌ಚರ್ಚಿನಲ್ಲಿ 1988ರಲ್ಲಿ ಆರಂಭವಾದದ್ದು. ಮಗುವಿನ ಜೊತೆ ನಿಯಮಿತವಾಗಿ ಸಮಯ ಕಳೆಯುವ ಹಿರಿಯ ಗೆಳೆಯರನ್ನು ಅದು ಜೊತೆಮಾಡುತ್ತದೆ. ಮಕ್ಕಳಿಗೆ ಸುಳ್ಳು ಹೇಳುವುದಕ್ಕಿಂತ ವಯಸ್ಸಿಗೆ ತಕ್ಕ ನಿಜ ಹೇಳುವುದು ಮೇಲು. ಮುಚ್ಚಿಟ್ಟದ್ದು ಒಂದು ದಿನ ಶಾಲೆಯ ಆವರಣದಲ್ಲೋ ಅಂತರ್ಜಾಲದಲ್ಲೋ ಹೊರಬಂದೇ ಬರುತ್ತದೆ.

ಇನ್ನು ನಾವು, ಅಂದರೆ ಕೂಟದವರು. ಕರ್ನಾಟಕದ ಜೈಲುಗಳಲ್ಲಿ ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳಿಗೆ ನಾಟಕ ಕಲಿಸಿ, ಅವರನ್ನು ಸಾರ್ವಜನಿಕ ರಂಗದ ಮೇಲೆ ತಂದರು. ಕೊಲೆ ಕೇಸಿನವರು ಬಣ್ಣ ಹಚ್ಚಿ ಮಾತಾಡಿದಾಗ ಜನ ಚಪ್ಪಾಳೆ ತಟ್ಟಿದರು. ನಾವು ಅಷ್ಟು ದೊಡ್ಡ ಕೆಲಸ ಮಾಡಬೇಕಿಲ್ಲ. ಹಬ್ಬದ ದಿನ ಆ ಮನೆಯವರಿಗೂ ಒಂದು ಫೋನು ಮಾಡೋಣ. ಬಂದರೆ ಪಕ್ಕದ ಕುರ್ಚಿಯಲ್ಲಿ ಕೂರೋಣ. ಕೇಸಿನ ವಿವರ ಕೇಳದಿರೋಣ. ಮೊದಲ ಭೇಟಿಗೆ ಕ್ಲಿನಿಕ್ಕಿಗೆ ಕಾರಿನಲ್ಲಿ ಬಿಟ್ಟು ಬರುವುದೂ ಸಹಾಯವೇ. ಅವರಿಂದ ನೊಂದ ಕುಟುಂಬ ಇನ್ನೊಂದು ಇರುತ್ತದೆ ಎಂಬುದನ್ನೂ ಮರೆಯದಿರೋಣ. ಮತ್ತೊಬ್ಬರು ನೋಯದಂತೆ ತಡೆಯಬೇಕಾದರೂ ಹೊರಬಂದವರ ಮನಸ್ಸು ನೆಟ್ಟಗಾಗುವುದು ಅಗತ್ಯ.

ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ:

ಪ್ರಾಣಾಪಾಯ ಇದ್ದಾಗ – 111
ಆಪ್ತಸಮಾಲೋಚನೆ, ಕರೆ ಅಥವಾ ಸಂದೇಶ – 1737
ಲೈಫ್‌ಲೈನ್ – 0800 543 354
ಏಷ್ಯನ್ ಸಹಾಯವಾಣಿ – 0800 862 342
ಮದ್ಯ ಮತ್ತು ಮಾದಕ ವಸ್ತು ಸಹಾಯವಾಣಿ – 0800 787 797
ಶಕ್ತಿ ಮಹಿಳಾ ಸಹಾಯವಾಣಿ – 0800 742 584
ವಿಕ್ಟಿಮ್ ಸಪೋರ್ಟ್ – 0800 842 846
ಆರೋಗ್ಯ ಸೇವೆಯ ಬಗ್ಗೆ ದೂರು, ಹಕ್ಕುಗಳ ಸಲಹೆ – 0800 555 050
ಕರ್ನಾಟಕದಲ್ಲಿರುವವರಿಗೆ ಟೆಲಿ-ಮಾನಸ್ – 14416

ಈ ಪುಟವನ್ನು ನಿಮಗೆ ಪರಿಚಯದ ಕುಟುಂಬಗಳಿಗೆ ಕಳಿಸಿ. "ಯಾರಿಗಾದರೂ ಬೇಕಾಗಬಹುದು" ಎಂದಷ್ಟೇ ಹೇಳಿ ಕಳಿಸಿದರೆ ಸಾಕು. ಬೇಕಾದವರು ಹೆಸರು ಹೇಳದೆಯೇ ಓದಿಕೊಳ್ಳುತ್ತಾರೆ.